ಒಂದೇ ಎದೆಯಲ್ಲಿ ಎರಡು ರಾಜರೋಗ

ಬೇರಿಕೆಯಲ್ಲಿ ಕೆಮ್ಮಿಗೂ ಮೂರು ಭಾಷೆ. ಒಂದು ಮನೆಯಲ್ಲಿ ‘ದಗ್ಗು’ ಅಂತಾರೆ, ಪಕ್ಕದ ಮನೆಯಲ್ಲಿ ‘ಕೆಮ್ಮು’ ಅಂತಾರೆ, ಸರ್ಕಾರಿ ಆಸ್ಪತ್ರೆಗೆ ಹೋದರೆ ಅದೇ ‘ಇರುಮಲ್’ ಆಗುತ್ತೆ. 1956ರಲ್ಲಿ ಭಾಷಾವಾರು ಪ್ರಾಂತ್ಯಗಳಾದಾಗ ನಮ್ಮ ಹೊಸೂರು ಸೀಮೆ ಮದರಾಸು ರಾಜ್ಯದಲ್ಲೇ ಉಳಿಯಿತು. ಆಗ ಸೇಲಂ ಜಿಲ್ಲೆ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಕಾಯಿಲೆ ಬಿದ್ದಾಗ ನಮ್ಮ ಜನ ನೋಡುವ ದಿಕ್ಕು ಬದಲಾಗಲಿಲ್ಲ. ಸಣ್ಣದಾದರೆ ಊರಿನ ಆಸ್ಪತ್ರೆ, ಜಾಸ್ತಿಯಾದರೆ ಹೊಸೂರೋ ಮಾಲೂರೋ, ಕೈಮೀರಿತು ಅಂದರೆ ಬೆಂಗಳೂರು.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ. ರಾಗಿ, ಟೊಮೇಟೊ ಬೆಳೆಯುತ್ತೇನೆ. ತೆಲುಗಿನಲ್ಲೂ ಕನ್ನಡದಲ್ಲೂ ಒಂದಷ್ಟು ಪದ್ಯ ಕಟ್ಟಿದ್ದೇನೆ. ಮೂರು ಭಾಷೆ ಬರುತ್ತೆ ಅನ್ನೋ ಕಾರಣಕ್ಕೆ ಬೆಂಗಳೂರಿಗೆ ಹೋಗುವ ರೋಗಿಗಳ ಜೊತೆ ನನ್ನನ್ನೂ ಬಸ್ಸು ಹತ್ತಿಸುತ್ತಾರೆ. ಹಾಗೆ ಹೋಗಿ ಬಂದು, ಡಾಕ್ಟರುಗಳು ಹೇಳಿದ್ದನ್ನು ಕೇಳಿ ಕೇಳಿ ತಿಳಿದುಕೊಂಡ ಒಂದು ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಒಬ್ಬನೇ ಮನುಷ್ಯನಿಗೆ, ಒಂದೇ ಎದೆಯಲ್ಲಿ, ಕ್ಷಯವೂ ಶ್ವಾಸಕೋಶದ ಕ್ಯಾನ್ಸರೂ ಒಟ್ಟಿಗೆ ಬಂದರೆ ಏನು ಗತಿ ಎಂಬುದೇ ಆ ವಿಷಯ.

ಇಬ್ಬರು ರಾಜರು

ಹಳೆಯ ವೈದ್ಯರು ಕ್ಷಯಕ್ಕೆ ‘ರಾಜಯಕ್ಷ್ಮ’ ಅಂದರು. ತೆಲುಗಿನವರು ಕ್ಯಾನ್ಸರಿಗೆ ‘ರಾಚಪುಂಡು’ ಅಂದರು. ರಾಚ ಅಂದರೆ ರಾಜನ, ಪುಂಡು ಅಂದರೆ ಹುಣ್ಣು. ತಮಿಳಿನಲ್ಲಿ ಕ್ಷಯ ‘ಕಾಸನೋಯ್’, ಕ್ಯಾನ್ಸರು ‘ಪುಟ್ರುನೋಯ್’. ಈ ಪುಟ್ರು ಬೇರೇನೂ ಅಲ್ಲ, ನಮ್ಮ ಹುತ್ತ. ಹೊರಗೆ ಕಾಣುವುದು ಒಂದು ಗುಡ್ಡೆ, ಒಳಗೆ ಎಷ್ಟು ದೂರ ಕೊರೆದಿದೆಯೋ ತಿಳಿಯದು.

ಒಂದೇ ಒರೆಯಲ್ಲಿ ಎರಡು ಕತ್ತಿ ಇರಲಾರವು ಎಂಬ ಗಾದೆ ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವಿಯೆನ್ನಾದ ಹೆಸರಾಂತ ವೈದ್ಯ ರೋಕಿಟಾನ್ಸ್ಕಿ ಕೂಡ ಹೆಚ್ಚುಕಮ್ಮಿ ಇದನ್ನೇ ಹೇಳಿದ್ದ. ಕ್ಷಯವೂ ಕ್ಯಾನ್ಸರೂ ಒಂದಕ್ಕೊಂದು ಆಗದವು, ಒಂದಿದ್ದ ಕಡೆ ಇನ್ನೊಂದು ಬರುವುದು ಅಪರೂಪ ಎಂಬುದು ಅವನ ಅಭಿಪ್ರಾಯ. ಆದರೆ ಅವನಿಗಿಂತ ಮೊದಲೇ, 1810ರಲ್ಲಿ, ಪ್ಯಾರಿಸ್ಸಿನ ಬೇಲ್ ಎಂಬ ವೈದ್ಯ ಕ್ಷಯದ ಬಗ್ಗೆ ಬರೆದ ಗ್ರಂಥದಲ್ಲಿ ಇವೆರಡೂ ಒಂದೇ ಶ್ವಾಸಕೋಶದಲ್ಲಿ ಇದ್ದದ್ದನ್ನು ದಾಖಲಿಸಿದ್ದ. ಇಂದು ಬೇಲ್ ಹೇಳಿದ್ದೇ ನಿಜ ಎಂದು ಎಲ್ಲರೂ ಒಪ್ಪಿದ್ದಾರೆ. ಈ ಒರೆಯಲ್ಲಿ ಎರಡು ಕತ್ತಿಯೂ ಹಿಡಿಯುತ್ತವೆ.

ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹಾಗಾಗಿ ಈ ಜೋಡಿ ಕಾಯಿಲೆಯ ಮಾತು ಬೇರೆ ದೇಶಗಳಿಗಿಂತ ನಮಗೆ ಹತ್ತಿರದ್ದು.

ಹೇಗೆ ಕೂಡಿಕೊಳ್ಳುತ್ತವೆ?

ಮೊದಲನೆಯದು, ಹಳೆ ಗಾಯ. ಕ್ಷಯ ವಾಸಿಯಾದರೂ ಶ್ವಾಸಕೋಶದಲ್ಲಿ ಕಲೆ ಉಳಿಯುತ್ತೆ. ವರ್ಷಗಳ ಮೇಲೆ ಅಂಥ ಜಾಗದಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಕ್ಷಯ ಬಂದು ಹೋದವರಿಗೆ ಮುಂದೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಬೀಡಿ ಸೇದದವರಲ್ಲೂ ಇದು ಕಂಡಿದೆ. ಕ್ಷಯ ಬಂದವರಿಗೆಲ್ಲ ಕ್ಯಾನ್ಸರ್ ಬರುತ್ತೆ ಅಂತ ಇದರ ಅರ್ಥವಲ್ಲ. ಬಹುಪಾಲು ಜನಕ್ಕೆ ಬರುವುದಿಲ್ಲ.

ಎರಡನೆಯದು, ಬೂದಿ ಮುಚ್ಚಿದ ಕೆಂಡ. ಕ್ಷಯದ ರೋಗಾಣು ಎಷ್ಟೋ ಜನರ ಎದೆಯಲ್ಲಿ ಸದ್ದಿಲ್ಲದೆ ಮಲಗಿರುತ್ತೆ. ಕ್ಯಾನ್ಸರ್ ಬಂದು ಮೈಯ ಬಲ ಕುಂದಿದಾಗ, ಇಲ್ಲವೆ ಕ್ಯಾನ್ಸರಿಗೆ ಕೊಡುವ ಕೀಮೋ, ಸ್ಟೀರಾಯ್ಡ್‌ಗಳಿಂದ ಮೈಯ ರಕ್ಷಣೆ ಕುಂದಿದಾಗ ಅದು ಎದ್ದು ಕೂರುತ್ತೆ.

ಮೂರನೆಯದು, ಎರಡಕ್ಕೂ ಹಾದಿ ಮಾಡುವ ಸಮಾನ ಶತ್ರುಗಳು. ಬೀಡಿ ಸಿಗರೇಟು ಮೊದಲನೆಯ ಶತ್ರು. ಸೌದೆ ಒಲೆಯ ಹೊಗೆ ಇನ್ನೊಂದು. ನಮ್ಮ ಜಿಲ್ಲೆಯವರು ಮುಖ್ಯವಾಗಿ ಗಮನಿಸಬೇಕಾದ್ದು ಕಲ್ಲಿನ ಧೂಳು. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ಕ್ವಾರಿಗಳು, ಕಲ್ಲು ಕೊಯ್ಯುವ ಶೆಡ್ಡುಗಳು ಸಾವಿರಾರು ಜನಕ್ಕೆ ಅನ್ನ ಕೊಟ್ಟಿವೆ. ಅದೇ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಕ್ಷಯ ಸುಲಭವಾಗಿ ಹತ್ತಿಕೊಳ್ಳುತ್ತೆ. ಇದು ಕ್ಯಾನ್ಸರನ್ನೂ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಹೇಳಿದೆ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಕಾರ್ಮಿಕರಿಗೆ ಈ ಧೂಳಿನ ಕಾಯಿಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದರ ಹಿಂದೆ ಒಂದು

ಎರಡೂ ಕಾಯಿಲೆಯ ಲಕ್ಷಣ ಒಂದೇ ಥರ. ಕೆಮ್ಮು, ಕಫದಲ್ಲಿ ರಕ್ತ, ತೂಕ ಇಳಿಯುವುದು, ಊಟ ಸೇರದಿರುವುದು, ಸುಸ್ತು. ಎಕ್ಸ್‌ರೇಯಲ್ಲಿ ಕಾಣುವ ಬಿಳಿ ನೆರಳು ಕೂಡ ಎಷ್ಟೋ ಸಲ ಹಾಗೆಯೇ. ಕ್ಷಯ ನಮ್ಮಲ್ಲಿ ಹೆಚ್ಚು ಇರುವುದರಿಂದ ನೆರಳು ಕಂಡ ಕೂಡಲೆ ಎಲ್ಲರಿಗೂ ಹೊಳೆಯುವುದು ಕ್ಷಯವೇ. ಹೀಗೆ ಕ್ಯಾನ್ಸರ್ ಇದ್ದವರು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿ, ಕೊನೆಗೆ ಕಾಯಿಲೆ ಬಲಿತ ಮೇಲೆ ಕ್ಯಾನ್ಸರ್ ಆಸ್ಪತ್ರೆ ಸೇರುವುದು ದೇಶದ ಎಲ್ಲ ಕಡೆ ನಡೆಯುತ್ತಿದೆ.

ಎರಡೂ ಇದ್ದವರ ಪಾಡು ಇನ್ನೂ ತೊಡಕು. ನನ್ನ ಹೆಂಡತಿಯ ಸೋದರಮಾವನ ಕಥೆ ಹೇಳಿದರೆ ಇದು ಅರ್ಥವಾಗುತ್ತೆ. ಕಲ್ಲು ಕೆಲಸ ಮಾಡಿದ ಮನುಷ್ಯ. ಕಿವಿಯ ಸಂದಿಯಲ್ಲಿ ಬೀಡಿ ಇಲ್ಲದೆ ನಾನು ಅವರನ್ನು ನೋಡಿದ್ದೇ ಇಲ್ಲ. 2019ರ ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ಕಫ ಪರೀಕ್ಷೆಯಲ್ಲಿ ಕ್ಷಯ ಎಂದು ಖಚಿತವಾಗಿ ಮಾತ್ರೆ ಶುರುವಾಯಿತು. ಎರಡು ತಿಂಗಳಿಗೆ ಕಫದಲ್ಲಿ ರೋಗಾಣು ಮಾಯ. ಮನೆಯವರಿಗೆ ಸಮಾಧಾನ. ಆದರೆ ಮಾವನ ತೂಕ ಏರಲಿಲ್ಲ, ಇಳಿಯಿತು. ದನಿ ಒಡೆದು ಪಿಸುಮಾತಿನಂತಾಯಿತು. ಕೇಳಿದರೆ, “ಮಾತ್ರಲು ವೇಡಿ ಬಾವಾ, ಅಂತೇ” ಅಂದರು, ಮಾತ್ರೆ ಉಷ್ಣ, ಅಷ್ಟೇ ಅಂತ.

ಔಷಧಿ ಕೊಡುತ್ತಿದ್ದ ಆರೋಗ್ಯ ಕಾರ್ಯಕರ್ತೆಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ. “ಕಫ ಚೊಕ್ಕಟ ಆಗೈತೆ, ಮನುಷ್ಯ ಯಾಕೆ ಸೊರಗ್ತಾ ಅವ್ನೆ? ಇನ್ನೊಂದ್ಸಲ ಎಕ್ಸ್‌ರೇ ತೆಗೆಸಣ್ಣಾ” ಅಂದಳು. ತೆಗೆಸಿದರೆ ನೆರಳು ಕರಗುವ ಬದಲು ಬೆಳೆದಿತ್ತು. ಬೆಂಗಳೂರಿನಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು, ಬಾಯಿಯ ಮೂಲಕ ಕೊಳವೆ ಇಳಿಸಿ ತುಣುಕು ತೆಗೆದರು. ಕ್ಯಾನ್ಸರ್ ಎಂದು ಬಂತು. ಕ್ಷಯ ಎಂದದ್ದೂ ಸುಳ್ಳಲ್ಲ, ಕ್ಯಾನ್ಸರ್ ಎಂದದ್ದೂ ಸುಳ್ಳಲ್ಲ. ಎರಡೂ ಇದ್ದವು.

ಆ ಹೆಣ್ಣುಮಗಳು ಕೇಳಿದ ಪ್ರಶ್ನೆಯನ್ನೇ ಎಲ್ಲರೂ ಕೇಳಬೇಕು. ಮಾತ್ರೆ ಸರಿಯಾಗಿ ನುಂಗಿದರೂ ಎರಡು ತಿಂಗಳಲ್ಲಿ ಚೇತರಿಕೆ ಕಾಣದಿದ್ದರೆ ಕಾರಣ ಹುಡುಕಲೇಬೇಕು. ರೋಗಾಣು ಔಷಧಿಗೆ ಬಗ್ಗದ ಜಾತಿಯದಿರಬಹುದು, ಸಕ್ಕರೆ ಕಾಯಿಲೆ ಇರಬಹುದು, ಕ್ಯಾನ್ಸರೂ ಇರಬಹುದು. ದನಿ ಒಡೆಯುವುದು, ಬೆರಳ ತುದಿ ದಪ್ಪಗಾಗುವುದು, ಮುಖ ಕತ್ತು ಊದುವುದು, ಭುಜದಲ್ಲಿ ಬಿಡದ ನೋವು ಇವು ಎಚ್ಚರಿಕೆಯ ಗುರುತುಗಳು. ಕಫದಲ್ಲಿ ರೋಗಾಣು ಕಾಣದೆ ಬರೀ ನೆರಳು ನೋಡಿ ಮಾತ್ರೆ ಶುರು ಮಾಡಿದ್ದರಂತೂ ಇನ್ನೂ ಹೆಚ್ಚು ಹುಷಾರಾಗಿರಬೇಕು.

ಉಲ್ಟಾ ಕೂಡ ಆಗುತ್ತದೆ. ಕ್ಯಾನ್ಸರ್ ಇದ್ದವರ ಎದೆಯ ನಡುವಿನ ಗಂಟುಗಳು ಊದಿದ್ದರೆ ಕ್ಯಾನ್ಸರ್ ಅಲ್ಲಿಗೂ ಹರಡಿದೆ ಎಂದು ಅನ್ನಿಸುತ್ತದೆ. ಆದರೆ ಆ ಗಂಟು ಕ್ಷಯದಿಂದಲೂ ಊದಿರಬಹುದು. ಪೆಟ್ ಸ್ಕ್ಯಾನಿನಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ಸೂಜಿ ಹಾಕಿ ತುಣುಕು ತೆಗೆದು ನೋಡದೆ ತೀರ್ಮಾನಿಸಿದರೆ, ಆಪರೇಷನ್ ಮಾಡಿ ಗುಣಪಡಿಸಬಹುದಾದ ರೋಗಿಯನ್ನು ಕೈಬಿಟ್ಟಂತಾಗುತ್ತದೆ.

ಯಾವುದಕ್ಕೆ ಮೊದಲು?

ನಮ್ಮ ಅಜ್ಜಿಯರ ಕಾಲದಲ್ಲಿ ಕ್ಷಯಕ್ಕೆ ಔಷಧಿ ಅಂದರೆ ಗಾಳಿ, ಹಾಲು, ವಿಶ್ರಾಂತಿ. 1915ರಲ್ಲಿ ಮದನಪಲ್ಲಿಯ ಬಳಿ ಆರೋಗ್ಯವರಂ ಸ್ಯಾನಟೋರಿಯಂ ಆಯಿತು. “ಅವರನ್ನ ಮದನಪಲ್ಲಿಗೆ ಕಳಿಸಿದಾರೆ” ಅಂದರೆ ಏನು ಕಾಯಿಲೆ ಎಂದು ಹಳಬರು ಕೇಳುತ್ತಿರಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ, ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆ ಎಂದು ತೋರಿಸಿಕೊಟ್ಟಿತು. ಇಡೀ ಜಗತ್ತು ಅದನ್ನು ಒಪ್ಪಿತು. ಈಗ ಸಾಮಾನ್ಯ ಕ್ಷಯಕ್ಕೆ ಎರಡು ತಿಂಗಳು ನಾಲ್ಕು ಔಷಧಿ, ಮತ್ತೆ ನಾಲ್ಕು ತಿಂಗಳು ಮೂರು ಔಷಧಿ. ತೂಕ ನೋಡಿ ಮಾತ್ರೆಯ ಲೆಕ್ಕ. ಎಲ್ಲ ಉಚಿತ.

ಎರಡೂ ಕಾಯಿಲೆ ಇದ್ದಾಗ ಸಾಮಾನ್ಯವಾಗಿ ಕ್ಷಯದ ಮಾತ್ರೆಯನ್ನೇ ಮೊದಲು ಶುರು ಮಾಡುತ್ತಾರೆ. ಕೆಲವು ವಾರ ಕಳೆದು ಸೋಂಕು ಹತೋಟಿಗೆ ಬಂದ ಮೇಲೆ, ಕ್ಷಯದ ಮಾತ್ರೆ ನಿಲ್ಲಿಸದೆ ಕೀಮೋ ಸೇರಿಸುತ್ತಾರೆ. ಕ್ಯಾನ್ಸರ್ ಉಸಿರುನಾಳವನ್ನೋ ದೊಡ್ಡ ರಕ್ತನಾಳವನ್ನೋ ಒತ್ತುತ್ತಿದ್ದರೆ ಕಾಯದೆ ಎರಡನ್ನೂ ಒಟ್ಟಿಗೆ ನಡೆಸುವುದುಂಟು. ಆಪರೇಷನ್ ಆಗುವಂತಿದ್ದರೆ ಸಾಧ್ಯವಾದಷ್ಟೂ ಕ್ಷಯ ತಗ್ಗಿದ ಮೇಲೆ. ರೋಗಿಯ ಬಲ, ಕ್ಯಾನ್ಸರಿನ ಹಂತ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ.

“ಇಲ್ಲಿ ಹೋದ್ರೆ ಅಲ್ಲಿಗೆ ಹೋಗು ಅಂತಾರೆ, ಅಲ್ಲಿ ಹೋದ್ರೆ ಇಲ್ಲಿಗೆ ಹೋಗು ಅಂತಾರೆ” ಎಂದು ನಮ್ಮವರು ಬೇಸರಪಡುವುದುಂಟು. ಅದಕ್ಕೊಂದು ಕಾರಣವಿದೆ. ಕೀಮೋ ವಾರ್ಡಿನಲ್ಲಿ ಇರುವವರಿಗೆಲ್ಲ ಮೈಯ ರಕ್ಷಣೆ ಕುಂದಿರುತ್ತದೆ. ಕಫದಲ್ಲಿ ರೋಗಾಣು ಇರುವವರು ಅವರ ಪಕ್ಕದಲ್ಲಿ ಕೆಮ್ಮಿದರೆ ಅಪಾಯ. ನಮ್ಮ ಪುಣ್ಯಕ್ಕೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯೂ, ಎಸ್‌.ಡಿ.ಎಸ್. ಸ್ಯಾನಟೋರಿಯಂ ಎಂದು ಹಳಬರು ಕರೆಯುವ ರಾಜೀವ್ ಗಾಂಧಿ ಎದೆರೋಗ ಸಂಸ್ಥೆಯೂ ಅಕ್ಕಪಕ್ಕದಲ್ಲೇ ಇವೆ. ಎರಡೂ ಇರುವುದು ಹೊಸೂರಿನಿಂದ ಹೋಗುವ ಹಾದಿಯಲ್ಲೇ.

ಮಾತ್ರೆಗಳ ಜಗಳ

ಇದು ಈ ಲೇಖನದ ಮುಖ್ಯ ಭಾಗ. ರೈತರಿಗೆ ಗೊತ್ತು, ಎರಡು ಔಷಧಿಯನ್ನು ಕೇಳದೆ ಒಂದೇ ಪಂಪಿಗೆ ಸುರಿದರೆ ಕೆಲವು ಸಲ ಮೊಸರಿನ ಹಾಗೆ ಒಡೆದುಹೋಗುತ್ತೆ. ಹುಳವೂ ಸಾಯಲ್ಲ, ದುಡ್ಡೂ ಉಳಿಯಲ್ಲ. ಮೈಯಲ್ಲೂ ಹಾಗೆ ಆಗುವುದುಂಟು.

ಕ್ಷಯದ ಮಾತ್ರೆಯಲ್ಲಿ ರಿಫಾಂಪಿಸಿನ್ ಎಂಬುದಿದೆ. ಮೂತ್ರ ಕೆಂಪಗೆ ಮಾಡುವುದು ಇದೇ. ಕ್ಷಯಕ್ಕೆ ಇದು ರಾಮಬಾಣ. ಆದರೆ ಲಿವರನ್ನು ಒಂದು ಗಿರಣಿ ಅಂದುಕೊಂಡರೆ, ರಿಫಾಂಪಿಸಿನ್ ಆ ಗಿರಣಿಯನ್ನು ಜೋರಾಗಿ ತಿರುಗಿಸುತ್ತೆ. ಬೇರೆ ಕೆಲವು ಔಷಧಿಗಳು ಕೆಲಸ ಮಾಡುವ ಮೊದಲೇ ಪುಡಿಯಾಗಿಬಿಡುತ್ತವೆ. ಬೀಡಿ ಸಿಗರೇಟು ಮುಟ್ಟದ ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಜೆಫಿಟಿನಿಬ್, ಒಸಿಮರ್ಟಿನಿಬ್ ಎಂಬ ಮಾತ್ರೆಗಳಿವೆ. ರಿಫಾಂಪಿಸಿನ್ ಜೊತೆ ನುಂಗಿದರೆ ಜೆಫಿಟಿನಿಬ್ ರಕ್ತಕ್ಕೆ ಸಿಗುವ ಪ್ರಮಾಣ ನೂರಕ್ಕೆ ಎಂಬತ್ತರಷ್ಟು ಕುಸಿಯುತ್ತದೆ. ದಿನಾ ಮಾತ್ರೆ ನುಂಗುತ್ತಿದ್ದೇನೆ ಎಂದು ರೋಗಿ ನಂಬಿರುತ್ತಾನೆ, ಒಳಗೆ ಕ್ಯಾನ್ಸರಿಗೆ ಔಷಧಿಯೇ ತಲುಪಿರುವುದಿಲ್ಲ. ಡಾಕ್ಟರಿಗೆ ತಿಳಿದರೆ ದಾರಿ ಇದೆ. ರಿಫಾಂಪಿಸಿನ್ ಬದಲು ರಿಫಾಬ್ಯುಟಿನ್ ಕೊಡಬಹುದು, ಕ್ಯಾನ್ಸರಿನ ಔಷಧಿ ಬದಲಿಸಬಹುದು, ಅಳತೆ ಹೊಂದಿಸಬಹುದು. ರಿಫಾಂಪಿಸಿನ್ ನಿಲ್ಲಿಸಿದ ಮೇಲೂ ಎರಡು ವಾರ ಗಿರಣಿಯ ವೇಗ ತಗ್ಗುವುದಿಲ್ಲ ಎಂಬುದನ್ನೂ ಅವರು ಲೆಕ್ಕ ಹಾಕುತ್ತಾರೆ.

ಬೇರೆ ಜಗಳಗಳೂ ಇವೆ. ಕ್ಷಯದ ಮಾತ್ರೆಯೂ ಕೀಮೋವೂ ಎರಡೂ ಲಿವರಿಗೆ ಹೊರೆ. ಕಣ್ಣು ಹಳದಿಯಾದರೆ ತಡಮಾಡಬಾರದು. ಐಸೋನಿಯಾಜಿಡ್ ಮಾತ್ರೆಯಿಂದ ಕೈಕಾಲು ಜುಮ್ಮೆನ್ನುತ್ತದೆ, ಪ್ಯಾಕ್ಲಿಟಾಕ್ಸೆಲ್, ಸಿಸ್‌ಪ್ಲಾಟಿನ್ ಎಂಬ ಕೀಮೋ ಔಷಧಿಗಳಿಂದಲೂ ಅದೇ. ಅದಕ್ಕೇ ಬಿ6 ವಿಟಮಿನ್ ಕೊಡುತ್ತಾರೆ. ಕ್ಷಯಕ್ಕೆ ಕೆಲವರಿಗೆ ಕೊಡುವ ಸೂಜಿಮದ್ದೂ ಸಿಸ್‌ಪ್ಲಾಟಿನ್ನೂ ಎರಡೂ ಕಿವಿ, ಕಿಡ್ನಿಗೆ ಪೆಟ್ಟು ಕೊಡುವಂಥವು. ಇತ್ತೀಚೆಗೆ ಬಂದಿರುವ ಇಮ್ಯುನೋಥೆರಪಿ ಎಂಬ ದುಬಾರಿ ಚಿಕಿತ್ಸೆಯಿಂದ ಮಲಗಿದ್ದ ಕ್ಷಯ ಎದ್ದ ಉದಾಹರಣೆಗಳಿವೆ.

ಇನ್ನೊಂದು ಮಾತು. ಕ್ಷಯದವರಿಗೆ ಸಂಜೆ ಜ್ವರ ಮಾಮೂಲು ಅಂತ ಮನೆಯವರು ಸುಮ್ಮನಿರುತ್ತಾರೆ. ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ದಾಟಿದರೆ ಅದು ಬೇರೆ. ಬಿಳಿಕಣ ಕುಸಿದಾಗ ಬರುವ ಜ್ವರ ರಾತ್ರಿ ಬೆಳಗಾಗುವುದರೊಳಗೆ ಜೀವ ತೆಗೆಯಬಹುದು. ಬೆಳಿಗ್ಗೆಯ ಬಸ್ಸಿಗೆ ಕಾಯಬಾರದು.

ಗಡಿಯ ಎರಡು ಚೀಟಿ

ಗಡಿಯಲ್ಲಿರುವವರಿಗೆ ಇಲ್ಲೇ ತೊಡಕು. ಕ್ಷಯದ ಮಾತ್ರೆ ಬರುವುದು ತಮಿಳುನಾಡಿನ ಆಸ್ಪತ್ರೆಯಿಂದ, ಚೀಟಿ ತಮಿಳಿನಲ್ಲಿ. ಕ್ಯಾನ್ಸರ್ ನೋಡುವುದು ಬೆಂಗಳೂರಿನಲ್ಲಿ, ಚೀಟಿ ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಇದರ ಮೇಲೆ ಕ್ಷಯ ಎಂದರೆ ಸೇರಿಸಿಕೊಳ್ಳುವುದಿಲ್ಲವೇನೋ ಎಂಬ ಭಯದಿಂದ ಆ ಚೀಟಿಯನ್ನು ಮನೆಯಲ್ಲೇ ಬಿಟ್ಟು ಹೋಗುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಚೀಟಿ, ಎರಡೂ ಮಾತ್ರೆಯ ಪಟ್ಟಿ, ಹಳೆ ಎಕ್ಸ್‌ರೇ ಎಲ್ಲ ಒಂದೇ ಚೀಲದಲ್ಲಿರಲಿ. ಹಳೆ ಎಕ್ಸ್‌ರೇ ಇದ್ದರೆ ಹೊಸ ನೆರಳು ಹಳೆ ಕಲೆಯೋ ಹೊಸ ಗೆಡ್ಡೆಯೋ ಎಂದು ಡಾಕ್ಟರಿಗೆ ಅರ್ಧ ಗೊತ್ತಾಗುತ್ತೆ.

ಕ್ಷಯರೋಗಿಗೆ ಕೊಡುವ ನಿಕ್ಷಯ್ ನಂಬರು ದೇಶಕ್ಕೆಲ್ಲ ಒಂದೇ. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಉಳಿಯಬೇಕಾಗಿ ಬಂದರೆ ಆ ನಂಬರು ತೋರಿಸಿ ಅಲ್ಲೇ ಮಾತ್ರೆ ಪಡೆಯಬಹುದು. ಊಟದ ಖರ್ಚಿಗೆ 2018ರಿಂದ ತಿಂಗಳಿಗೆ 500 ರೂಪಾಯಿ ಬ್ಯಾಂಕಿಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕ್ಯಾನ್ಸರಿನ ಖರ್ಚಿಗೆ 2018ರಲ್ಲಿ ಬಂದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಅವಕಾಶವಿದೆ, ಬೇರೆ ರಾಜ್ಯದ ಆಸ್ಪತ್ರೆಯಲ್ಲೂ ಬಳಸುವ ಏರ್ಪಾಡಿದೆ. ಹೋಗುವ ಮೊದಲೇ ಕಾರ್ಡು ನಡೆಯುತ್ತದೆಯೇ ಎಂದು ಎರಡೂ ಕಡೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ತಮಿಳುನಾಡು ಸರ್ಕಾರ 2022ರಲ್ಲಿ ಕ್ಷಯದ ಸಾವು ತಗ್ಗಿಸಲು ಒಂದು ಯೋಜನೆ ತಂದಿದೆ. ಕ್ಷಯ ಎಂದು ತಿಳಿದ ಕೂಡಲೆ ರೋಗಿಯ ತೂಕ, ಉಸಿರು, ಎದ್ದು ನಿಲ್ಲುವ ಶಕ್ತಿ ನೋಡಿ ತೀರಾ ಬಳಲಿದವರನ್ನು ಆಸ್ಪತ್ರೆಗೆ ಸೇರಿಸುವುದು ಅದರ ತಿರುಳು. ಒಳ್ಳೆಯ ಕೆಲಸ. ಎರಡು ತಿಂಗಳಾದ ಮೇಲೆ ಇನ್ನೊಂದು ಸಲ ಹಾಗೆಯೇ ನೋಡಿ, ಚೇತರಿಸದವರಿಗೆ ಸ್ಕ್ಯಾನ್ ಮಾಡಿಸುವ ಕ್ರಮ ಗಡಿಯ ಎರಡೂ ಕಡೆ ಕಟ್ಟುನಿಟ್ಟಾಗಿ ಬಂದರೆ ಎಷ್ಟೋ ಜೀವ ಉಳಿದಾವು.

“ಕ್ಷಯಕ್ಕೆ ಯಾಕೆ ಮಾತ್ರೆ?”

ಕ್ಯಾನ್ಸರ್ ಬಲಿತಿದೆ ಎಂದು ತಿಳಿದಾಗ ಮಾವನ ಮನೆಯಲ್ಲಿ ಇದೇ ಪ್ರಶ್ನೆ ಬಂತು. “ಹೆಂಗೂ ಉಳಿಯಲ್ಲ ಅಂದ್ರು, ಇನ್ನು ಈ ಟಿ.ಬಿ. ಮಾತ್ರೆ ಯಾಕೆ ನುಂಗಿಸ್ಬೇಕು?” ಎಂದು ಮಗ ಕೇಳಿದ. ಡಾಕ್ಟರು ಸಿಟ್ಟಾಗಲಿಲ್ಲ. “ಮನೇಲಿ ಮಕ್ಕಳಿದಾರೇನಪ್ಪಾ?” ಅಂದರು. ಎರಡು ಮೊಮ್ಮಕ್ಕಳಿದ್ದವು. “ಕ್ಷಯ ಗುಣವಾದ್ರೆ ಆ ಮಕ್ಕಳು ತಾತನ ಪಕ್ಕದಲ್ಲೇ ಮಲಗಬಹುದು. ಆಗದಿದ್ರೆ ತಾತ ಇರೋಷ್ಟು ದಿನ ದೂರ ಇರಬೇಕು, ತಾತ ಹೋದ ಮೇಲೆ ಕಾಯಿಲೆ ಉಳ್ಕೊಳ್ಳುತ್ತೆ” ಅಂದರು. ಮಕ್ಕಳನ್ನೂ ಪರೀಕ್ಷೆ ಮಾಡಿಸಿ, ಕ್ಷಯ ಬಾರದಂತೆ ತಡೆಯುವ ಔಷಧಿ ಕೊಡಿಸಲು ಹೇಳಿದರು.

ಮಾವ ಆರು ತಿಂಗಳ ಮಾತ್ರೆ ಪೂರ್ತಿ ನುಂಗಿದರು. ಜೊತೆಯಲ್ಲೇ ಕೀಮೋ ಆಯಿತು, ಉಸಿರು ಹಗುರಾಯಿತು, ಒಂದು ರಾಗಿ ಬೆಳೆಯ ಕಣ ಕಂಡರು. ಒಟ್ಟು ಹದಿನಾರು ತಿಂಗಳು ಬದುಕಿದರು. ಸಾವು ಕ್ಯಾನ್ಸರಿನಿಂದ. ಕ್ಷಯ ಪೂರ್ತಿ ಗುಣವಾಗಿತ್ತು. ಮನೆಯಲ್ಲಿ ಯಾರಿಗೂ ಅದು ಬರಲಿಲ್ಲ.

ಕ್ಯಾನ್ಸರ್ ಮುಂದುವರಿದವರಿಗೂ ನೋವಿಗೆ, ಏದುಸಿರಿಗೆ ಔಷಧಿಯಿದೆ. 1994ರಲ್ಲಿ ಶುರುವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯದಲ್ಲಿ ಅಂಥವರನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ. ಬೇಗ ಪತ್ತೆಯಾದವರಿಗೆ ಆಪರೇಷನ್ನಿನಿಂದ ಕ್ಯಾನ್ಸರೂ ಗುಣವಾಗುವುದುಂಟು. ಕ್ಷಯವಂತೂ ಮಾತ್ರೆ ಬಿಡದೆ ನುಂಗಿದರೆ ಹೆಚ್ಚಿನವರಿಗೆ ಗುಣವಾಗುತ್ತದೆ.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಮಾತ್ರೆ ನುಂಗಿ ಎರಡು ತಿಂಗಳಾದರೂ ಮೈ ಏಳದಿದ್ದರೆ “ಇನ್ನೇನಾದರೂ ಇದೆಯಾ ಡಾಕ್ಟ್ರೇ?” ಎಂದು ಬಾಯಿಬಿಟ್ಟು ಕೇಳಿ. ಎರಡು ಆಸ್ಪತ್ರೆಗೆ ಹೋಗುವವರು ಎರಡೂ ಕಡೆಯ ಚೀಟಿಯನ್ನು ಎರಡೂ ಕಡೆ ತೋರಿಸಿ. ಓದಲು ಬಾರದವರು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರನ್ನು ಕೇಳಿದರೂ ಆದೀತು. ನಮ್ಮ ಸೀಮೆಯ ಬಸ್ಸಿನಲ್ಲಿ ಮೂರು ಭಾಷೆ ಬಲ್ಲವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ.